ಹೇಳಿಕೆ ಬರೆದುಕೊಂಡವಳು, ತನಿಖೆ ನಡೆಸಿದವಳು



ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಹೆಂಚು, ಮಡಕೆಗಳಿಗೆ ಹೆಸರಾದ ಮಣ್ಣಿನ ಸೀಮೆ ಅದು. ಮಲಪ್ರಭೆ ಹುಟ್ಟುವುದೂ ಅದೇ ತಾಲ್ಲೂಕಿನಲ್ಲಿ. ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆಯೂ ಇದೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಜಾಗ ನೋಡಿಕೊಂಡು ಬರಲು ಆ ದಾರಿಯಲ್ಲಿ ಹೋಗುತ್ತಿದ್ದಾಗ ನನ್ನ ಪಕ್ಕದ ಸೀಟಿನಲ್ಲಿ ಖಾಕಿ ತೊಟ್ಟ ಮಹಿಳೆಯೊಬ್ಬರು ಕುಳಿತಿದ್ದರು. ಸಹಾಯಕ ಸಬ್ ಇನ್‌ಸ್ಪೆಕ್ಟರ್. ಮಾತಿಗೆ ಮಾತು ಬೆಳೆದು, ನಿಮ್ಮ ಕೆಲಸವೇನು ಮೇಡಂ ಎಂದು ಕೇಳಿದೆ. ‘ಹೆಣ್ಮಕ್ಕಳು ಬಂದ್ರ ಹೇಳಿಕಿ ಬರಕೊಳ್ಳೂದು ನಂದ್ರಿ. ಮುಂದಿಂದು ಸಾಹೇಬ್ರು ನೋಡ್ತಾರ’ ಎಂದರು.

ಅವರ ದನಿಯಲ್ಲಿ ಬೇಸರವಿರಲಿಲ್ಲ, ಇದ್ದದ್ದನ್ನು ಹೇಳಿದ್ದರು ಅಷ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಹೇಳಿಕೆ ಬರೆದುಕೊಳ್ಳುವವಳು ಬೇರೆ, ತನಿಖೆ ನಡೆಸುವವರು ಬೇರೆ. ಇವೆರಡರ ನಡುವಿನ ದೂರವನ್ನು ಹೆಣ್ಣು ದಾಟಿದ್ದು ಹೇಗೆ, ಎಷ್ಟರ ಮಟ್ಟಿಗೆ ಎಂಬುದಕ್ಕೆ ಒಂದು ಇತಿಹಾಸವಿದೆ. ಅರ್ಧ ಇತಿಹಾಸ ಠಾಣೆಗಳಲ್ಲಿ ನಡೆದರೆ ಇನ್ನರ್ಧ ಕತೆ, ಕಾದಂಬರಿ ಮತ್ತು ಕಿರುತೆರೆಯ ಧಾರಾವಾಹಿಗಳಲ್ಲಿ ನಡೆದಿದೆ.

ಖಾನಾಪುರ ತಾಲ್ಲೂಕಿನಿಂದಲೇ ಶುರುಮಾಡೋಣ. ಅಲ್ಲಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಿಮಗೆ ಗೊತ್ತು. ಅವನನ್ನು ಹಿಡಿದದ್ದು ಹೇಗೆಂದು ಯೋಚಿಸಿದ್ದೀರಾ? ಸೈನ್ಯ ಬೆನ್ನಟ್ಟಿದರೂ ಸಿಗದವನು 1830ರ ಏಪ್ರಿಲ್‌ನಲ್ಲಿ ತನ್ನವರದೇ ದ್ರೋಹದಿಂದ ಸೆರೆಯಾದ. ಆ ಕಾಲದ ಸರ್ಕಾರಗಳಿಗೆ ತಿಳಿದಿದ್ದ ಪತ್ತೆಯ ವಿಧಾನ ಅದೊಂದೇ: ಸುಳಿವು ಕೊಡುವವನನ್ನು ಕೊಂಡುಕೊಳ್ಳುವುದು. ಅದೇ ದಶಕದಲ್ಲಿ ಸ್ಲೀಮನ್ ಎಂಬ ಅಧಿಕಾರಿ ಥಗ್ಗರನ್ನು ಹಿಡಿದದ್ದೂ ಮಾಫಿ ಸಾಕ್ಷಿಗಳ ಬಾಯಿಂದಲೇ. ಈ ಥಗ್ಗರನ್ನು ಇಟ್ಟುಕೊಂಡು ಮೆಡೋಸ್ ಟೇಲರ್ 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಬರೆದ. ಮುಂದೆ ನಮ್ಮ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ ಟೇಲರ್ ಇವನೇ. ಬ್ರಿಟನ್ನಿನ ಅಪರಾಧ ಸಾಹಿತ್ಯಕ್ಕೆ ದಖ್ಖನಿನ ದೂಳು ಆಗಲೇ ಅಂಟಿತ್ತು.

ಲಂಡನ್ನಿನಲ್ಲಿ ಮೆಟ್ರೋಪಾಲಿಟನ್ ಪೊಲೀಸ್ ಸ್ಥಾಪನೆಯಾದದ್ದು 1829ರಲ್ಲಿ. ಸಮವಸ್ತ್ರವಿಲ್ಲದೆ, ಕುರುಹುಗಳನ್ನು ಹುಡುಕುವುದೇ ಕೆಲಸವಾದ ಪತ್ತೇದಾರರ ಶಾಖೆ ತೆರೆದದ್ದು 1842ರಲ್ಲಿ, ಕೇವಲ ಎಂಟು ಮಂದಿಯಿಂದ. ಅವರಲ್ಲೊಬ್ಬ ಜೊನಾಥನ್ ವಿಚರ್. 1860ರಲ್ಲಿ ಒಂದು ದೊಡ್ಡ ಮನೆಯಲ್ಲಿ ಎಳೆಯ ಮಗುವಿನ ಕೊಲೆಯಾದಾಗ ಅವನು ಆ ಮನೆಯ ಹದಿನಾರರ ಮಗಳ ಮೇಲೆ ಬೆರಳು ತೋರಿಸಿದ. ಊರೇ ತಿರುಗಿಬಿತ್ತು. ಕೂಲಿಕಾರನ ಮಗನಂಥ ಪೊಲೀಸಿನವನು ಮರ್ಯಾದಸ್ಥರ ಹುಡುಗಿಯನ್ನು ಪ್ರಶ್ನಿಸುವುದೇ? ವಿಚರ್‌ನ ಹೆಸರು ಕೆಟ್ಟಿತು. ಐದು ವರ್ಷಗಳ ನಂತರ ಆ ಹುಡುಗಿಯೇ ತಪ್ಪೊಪ್ಪಿಕೊಂಡಳು. ಪತ್ತೇದಾರಿ ಕತೆಗಳಲ್ಲಿ ನಮಗೆ ಕಾಣುವುದು ಕೊಲೆಗಾರ ಯಾರೆಂಬ ಪ್ರಶ್ನೆ. ಅದರ ಕೆಳಗೆ ಇನ್ನೊಂದಿರುತ್ತದೆ: ಪ್ರಶ್ನೆ ಕೇಳುವ ಹಕ್ಕು ಯಾರಿಗಿದೆ? ವಿಚರ್‌ನ ನೆರಳಿನಲ್ಲೇ ವಿಲ್ಕಿ ಕಾಲಿನ್ಸ್ 1868ರಲ್ಲಿ ‘ಮೂನ್‌ಸ್ಟೋನ್’ ಬರೆದ. ಆ ಕಾದಂಬರಿ ಆರಂಭವಾಗುವುದು ಎಲ್ಲಿ ಗೊತ್ತೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ, ವಜ್ರವೊಂದರ ಲೂಟಿಯಿಂದ!

ಇನ್ನು ಹೆಣ್ಣಿನ ವಿಷಯಕ್ಕೆ ಬರೋಣ. 1864ರಲ್ಲಿ ಲಂಡನ್ನಿನಲ್ಲಿ ಎರಡು ಪುಸ್ತಕಗಳು ಬಂದವು. ಎರಡರಲ್ಲೂ ಪತ್ತೇದಾರಳು ಹೆಣ್ಣು. ಒಂದರ ನಾಯಕಿ ಮಿಸೆಸ್ ಪಾಸ್ಕಲ್. ಗಂಡ ಸತ್ತು ಕೈ ಬರಿದಾಗಿ ಈ ಕೆಲಸಕ್ಕೆ ಸೇರಿದವಳು. ನೆಲಮಾಳಿಗೆಯ ಕಿಂಡಿಯಲ್ಲಿ ಇಳಿಯಲು ಅಡ್ಡಿಯಾಯಿತೆಂದು ತನ್ನ ಅಗಲ ಲಂಗದ ಬಳೆಕಟ್ಟನ್ನೇ ಕಳಚಿ ಬಿಸಾಡಿ ಕೆಳಗಿಳಿಯುತ್ತಾಳೆ. ಓದುಗರು ಖುಷಿಪಟ್ಟರು. ಆದರೆ ಆಗ ಬ್ರಿಟನ್ನಿನ ಯಾವ ಠಾಣೆಯಲ್ಲೂ ಅಂಥ ಹೆಂಗಸು ಇರಲಿಲ್ಲ. ಬಂಧಿಸುವ ಅಧಿಕಾರವಿದ್ದ ಮೊದಲ ಮಹಿಳಾ ಪೊಲೀಸ್ ಈಡಿತ್ ಸ್ಮಿತ್ ನೇಮಕವಾದದ್ದು 1915ರಲ್ಲಿ, ಗ್ರಾಂಥಮ್ ಪಟ್ಟಣದಲ್ಲಿ. ಕತೆಗೂ ನೌಕರಿಗೂ ನಡುವೆ ಐವತ್ತೊಂದು ವರ್ಷ!

1922ರಲ್ಲಿ ಲಿಲಿಯನ್ ವೈಲ್ಸ್ ಎಂಬಾಕೆ ಲಂಡನ್ನಿನ ಅಪರಾಧ ತನಿಖಾ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯಾದಳು. ಅವಳಿಗೆ ವಹಿಸಿದ ಕೆಲಸವೇನೆಂದರೆ, ದೌರ್ಜನ್ಯಕ್ಕೆ ಒಳಗಾದ ಹೆಂಗಸರು ಮತ್ತು ಮಕ್ಕಳಿಂದ ಹೇಳಿಕೆ ಪಡೆಯುವುದು. ಖಾನಾಪುರದ ಬಸ್ಸಿನಲ್ಲಿ ನಾನು ಕೇಳಿದ ಮಾತು ನೆನಪಾಯಿತಲ್ಲವೇ?

ಬ್ರಿಟನ್ನಿನಲ್ಲಿ ಮಹಿಳಾ ಪೊಲೀಸರ ಪ್ರತ್ಯೇಕ ವಿಭಾಗ ರದ್ದಾಗಿ ಅವರು ಗಂಡಸರೊಡನೆ ಒಂದೇ ದಳದಲ್ಲಿ ಸೇರಿದ್ದು 1970ರ ದಶಕದಲ್ಲಿ. ಕಾಗದದ ಮೇಲೆ ಎಲ್ಲವೂ ಸಮವಾಯಿತು. ಠಾಣೆಯೊಳಗೆ ಏನಾಯಿತು ಎಂಬುದನ್ನು ಜನರೆದುರು ಇಟ್ಟದ್ದು ಒಂದು ಟಿ.ವಿ. ಧಾರಾವಾಹಿ. ಲಿಂಡಾ ಲಾ ಪ್ಲಾಂಟ್ ಬರೆದ ‘ಪ್ರೈಮ್ ಸಸ್ಪೆಕ್ಟ್’, ಎಂದರೆ ಮುಖ್ಯ ಶಂಕಿತ, 1991ರ ಏಪ್ರಿಲ್‌ನಲ್ಲಿ ಪ್ರಸಾರವಾಯಿತು. ನಾಯಕಿ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್ ಜೇನ್ ಟೆನಿಸನ್; ಪಾತ್ರ ವಹಿಸಿದವರು ಹೆಲೆನ್ ಮಿರೆನ್. ಲೇಖಕಿ ಈ ಪಾತ್ರವನ್ನು ಗಾಳಿಯಲ್ಲಿ ಕಟ್ಟಲಿಲ್ಲ. ಆ ದರ್ಜೆಗೆ ಏರಿದ್ದ, ಬೆರಳೆಣಿಕೆಯ ಹೆಂಗಸರಲ್ಲೊಬ್ಬರಾದ ಜಾಕಿ ಮಾಲ್ಟನ್ ಎಂಬ ಅಧಿಕಾರಿಯೊಡನೆ ಕುಳಿತು, ಕೇಳಿ, ನೋಡಿ ಬರೆದರು.

ಕತೆ ಹೀಗಿದೆ. ಒಬ್ಬ ಹೆಂಗಸಿನ ಕೊಲೆಯಾಗಿದೆ. ತನಿಖೆ ನಡೆಸುತ್ತಿದ್ದ ಜನಪ್ರಿಯ ಅಧಿಕಾರಿ ಹೃದಯಾಘಾತದಿಂದ ಸಾಯುತ್ತಾನೆ. ಟೆನಿಸನ್ ಆ ಠಾಣೆಯಲ್ಲೇ ಇದ್ದಾಳೆ, ಆದರೆ ಅದುವರೆಗೆ ಅವಳ ಕೈಗೆ ಕೊಲೆ ಪ್ರಕರಣ ಬಂದಿಲ್ಲ. ತಾನೇ ಹೋಗಿ ಕೇಳುತ್ತಾಳೆ. ಸಿಗುತ್ತದೆ. ಕಡತ ತೆರೆದು ನೋಡಿದರೆ, ಸತ್ತವಳು ಯಾರು ಎಂಬುದನ್ನೇ ತಪ್ಪಾಗಿ ಗುರುತಿಸಿದ್ದಾರೆ! ಸತ್ತ ಅಧಿಕಾರಿಗೆ ಸುಳಿವು ಕೊಡುತ್ತಿದ್ದ ಒಬ್ಬ ವೇಶ್ಯೆಯೊಡನೆ ಸಂಬಂಧವಿತ್ತು. ಆ ಗುಟ್ಟು ಮುಚ್ಚಲು ಅವನ ಗೆಳೆಯನಾದ ಸಾರ್ಜೆಂಟ್ ಸಾಕ್ಷ್ಯವನ್ನೇ ಅಡಗಿಸಿಡುತ್ತಾನೆ. ತಂಡದ ಗಂಡಸರು ಅವಳ ಅಪ್ಪಣೆಗೆ ಕಿವುಡರಾಗುತ್ತಾರೆ. ಇತ್ತ ಮನೆಯಲ್ಲಿ ಜೊತೆಗಿದ್ದವನು ತನ್ನ ವ್ಯಾಪಾರದ ಅತಿಥಿಗಳಿಗೆ ಅಡುಗೆ ಮಾಡಲು ಇವಳು ಹೊತ್ತಿಗೆ ಬರಲಿಲ್ಲವೆಂದು ಮುನಿದು, ಕಡೆಗೆ ಬಿಟ್ಟೇ ಹೋಗುತ್ತಾನೆ.

ಟೆನಿಸನ್ ದೇವತೆಯಲ್ಲ. ಸಿಗರೇಟು ಸೇದುತ್ತಾಳೆ, ಕುಡಿಯುತ್ತಾಳೆ, ಕೈಕೆಳಗಿನವರ ಮೇಲೆ ಹರಿಹಾಯುತ್ತಾಳೆ, ಪದೋನ್ನತಿಗೆ ಹಸಿದಿದ್ದಾಳೆ. 2006ರಲ್ಲಿ ಬಂದ ಏಳನೆಯ, ಕೊನೆಯ ಭಾಗದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿ ನಿಂತು ಕುಡಿತದೊಡನೆ ಹೋರಾಡುತ್ತಿರುತ್ತಾಳೆ; ತಂದೆ ಸಾವಿನ ಹಾಸಿಗೆಯಲ್ಲಿ. ಈ ಪಾತ್ರ ಕೆಲವರಿಗೆ ಹಿಡಿಸುವುದಿಲ್ಲ. ಹೆಣ್ಣು ಅಧಿಕಾರಿಯೆಂದರೆ ಒಡೆದ ಮನೆ, ಕುಡಿತ ಇವೇ ಏಕೆ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಮುಂದಿನ ಹತ್ತಾರು ಧಾರಾವಾಹಿಗಳು ಸಂಕಟವನ್ನೇ ಒಂದು ಅಚ್ಚು ಮಾಡಿಕೊಂಡವು. ಆದರೆ 2014ರಲ್ಲಿ ಆರಂಭವಾದ ‘ಹ್ಯಾಪಿ ವ್ಯಾಲಿ’ಯಂಥವು ಬೇರೆ. ಅದರ ಕ್ಯಾಥರಿನ್ ಕಾವುಡ್ ಮಗಳನ್ನು ಕಳೆದುಕೊಂಡು, ಪತ್ತೇದಾರಿ ಹುದ್ದೆ ಬಿಟ್ಟು, ಸಮವಸ್ತ್ರದ ಸಾರ್ಜೆಂಟ್ ಆಗಿ ಮೊಮ್ಮಗನನ್ನು ಸಾಕುತ್ತಿರುವವಳು. ಸಂಕಟ ಅಲ್ಲಿ ಅಲಂಕಾರವಲ್ಲ.

ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1984ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿ.ಎನ್.ಎ. ಬೆರಳಚ್ಚನ್ನು ಕಂಡುಹಿಡಿದರು. ಅದೇ ಸೀಮೆಯಲ್ಲಿ 1983 ಮತ್ತು 1986ರಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳರ ಹುಡುಗನೊಬ್ಬ ಒಂದು ಕೊಲೆಯನ್ನು ಒಪ್ಪಿಕೊಂಡೂ ಬಿಟ್ಟಿದ್ದ. ಪರೀಕ್ಷೆ ಏನು ಹೇಳಿತು? ಎರಡನ್ನೂ ಮಾಡಿದವನು ಒಬ್ಬನೇ, ಅವನು ಈ ಹುಡುಗನಲ್ಲ. ಹೊಸ ವಿಜ್ಞಾನ ಮೊದಲು ಮಾಡಿದ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು; ನಿಜವಾದ ಕೊಲೆಗಾರನಿಗೆ 1988ರಲ್ಲಿ ಶಿಕ್ಷೆಯಾಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು ನಮ್ಮ ದೇಶದ ಸಾಕ್ಷ್ಯ ಕಾಯ್ದೆ 1872ರಲ್ಲೇ ಹೇಳಿತ್ತು. ಈಗಿನ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಹಾಗಾಗಿ ತನಿಖಾಧಿಕಾರಿ ಕುರುಹು, ಹೇಳಿಕೆ, ಸಮಯ ಇವುಗಳಿಂದಲೇ ಪ್ರಕರಣ ಕಟ್ಟಬೇಕು. ಕುರುಹುಗಳ ಪರೀಕ್ಷೆಗೆ ಬೆಳಗಾವಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಹೇಳಿಕೆಗೆ ಮಾತ್ರ ಪ್ರಯೋಗಾಲಯವಿಲ್ಲ. ಅದು ಬರೆದುಕೊಳ್ಳುವವರ ಕಿವಿಯನ್ನೇ ನಂಬಿಕೊಂಡಿರುತ್ತದೆ.

ಕನ್ನಡದ ಸ್ಥಿತಿ ಏನು? ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅನೇಕರು ಕನ್ನಡ ಓದುವ ಚಟ ಹತ್ತಿಸಿಕೊಂಡದ್ದೇ ಬಾಡಿಗೆಗೆ ಸಿಗುತ್ತಿದ್ದ ಆ ಪುಸ್ತಕಗಳಿಂದ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂದು ಓದುಗರ ಬಾಯಲ್ಲಿ ಉಳಿದ ಹೆಸರುಗಳೆಲ್ಲ ಗಂಡಸರವು. ಟೆನಿಸನ್ ಬ್ರಿಟನ್ನಿನ ತೆರೆಗೆ ಬಂದ 1991ರಲ್ಲೇ ನಮ್ಮಲ್ಲಿ ಮಾಲಾಶ್ರೀಯವರ ‘ಎಸ್.ಪಿ. ಭಾರ್ಗವಿ’ ಬಂತು. ಹೆಣ್ಣು ಖಾಕಿ ತೊಟ್ಟಳು, ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ಆದರೆ ನಮ್ಮ ತೆರೆಯ ಖಾಕಿ ನಾಯಕಿ ಬಹುಮಟ್ಟಿಗೆ ಹೊಡೆದಾಟಕ್ಕೆ ಇಳಿದಳೇ ಹೊರತು ಕಡತ ಬಿಚ್ಚಿ ಕೂರಲಿಲ್ಲ.

ನನ್ನ ಬಾಲ್ಯದಲ್ಲಿ ಮನಸ್ಸಿಗೆ ನಾಟಿದ್ದು ದೂರದರ್ಶನದ ‘ಉಡಾನ್’. 1989ರಿಂದ 1991ರವರೆಗೆ ಪ್ರಸಾರವಾದ ಹಿಂದಿ ಧಾರಾವಾಹಿ. ಅದನ್ನು ಬರೆದು, ನಿರ್ದೇಶಿಸಿ, ನಟಿಸಿದವರು ಕವಿತಾ ಚೌಧರಿ. ಕತೆ ಅವರ ಅಕ್ಕ, ಐ.ಪಿ.ಎಸ್. ಅಧಿಕಾರಿ ಕಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕಿನಿಂದ ಪ್ರೇರಿತ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಹಿಂದಿ ಅರ್ಧ ಅರ್ಥವಾಗದಿದ್ದರೂ ನಮ್ಮ ಓಣಿಯ ಹುಡುಗಿಯರು ಆ ಹೊತ್ತಿಗೆ ಟಿ.ವಿ. ಇದ್ದ ಮನೆಗೆ ತಪ್ಪದೆ ಬರುತ್ತಿದ್ದರು.

ಗಮನಿಸಿ: ಬ್ರಿಟನ್ನಿನಲ್ಲಿ ಕತೆ ಮೊದಲು, ನೌಕರಿ ಆಮೇಲೆ. ನಮ್ಮಲ್ಲಿ ನೌಕರಿ ಮೊದಲು. ದಕ್ಷಿಣ ಭಾರತದ ಮೊದಲ ಮಹಿಳಾ ಐ.ಪಿ.ಎಸ್. ಅಧಿಕಾರಿ ಜೀಜಾ ಹರಿಸಿಂಗ್ 1975ರಲ್ಲೇ ಕರ್ನಾಟಕಕ್ಕೆ ಬಂದರು. 2017ರಲ್ಲಿ ನೀಲಮಣಿ ರಾಜು ರಾಜ್ಯ ಪೊಲೀಸಿನ ಮುಖ್ಯಸ್ಥರಾದರು. ಮೇಲಿನ ಮೆಟ್ಟಿಲುಗಳ ಸಂಗತಿ ಇದು. ಕೆಳಗೆ, ದೇಶದ ಪೊಲೀಸರಲ್ಲಿ ಹೆಂಗಸರು ಶೇಕಡ 12ರ ಆಸುಪಾಸು. ಅದು 33 ಆಗಬೇಕೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸಲಹೆ ಕೊಟ್ಟು ಹತ್ತು ವರ್ಷಗಳ ಮೇಲಾಯಿತು.

2013ರಲ್ಲಿ ಕಾನೂನು ತಿದ್ದುಪಡಿಯಾಗಿ, ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದಾಯಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಒಳ್ಳೆಯ ಕಾನೂನು, ಬೇಕಾಗಿದ್ದ ಕಾನೂನು. ಆದರೆ ಲಿಲಿಯನ್ ವೈಲ್ಸ್‌ಗೆ 1922ರಲ್ಲಿ ಕೊಟ್ಟ ಕೆಲಸವೂ ಇದೇ ಎಂಬುದನ್ನು ಮರೆಯಲಾಗದು. ಆ ಮೇಜಿನಿಂದ ಎದ್ದು ಕೊಲೆ ಪ್ರಕರಣವನ್ನೂ ಕೇಳಿ ಪಡೆಯಲು ಟೆನಿಸನ್‌ಗಳಿಗೆ ಎಪ್ಪತ್ತು ವರ್ಷ ಹಿಡಿಯಿತು.

ಮತ್ತೆ ಖಾನಾಪುರದ ಬಸ್ಸಿಗೆ ಬರುತ್ತೇನೆ. ಊರು ಹತ್ತಿರವಾಗುತ್ತಿತ್ತು. ಬರೀ ಬರೆದುಕೊಳ್ಳುವುದರಲ್ಲಿ ಏನಿದೆ ಮೇಡಂ ಎಂದು ಸ್ವಲ್ಪ ಕೆಣಕಿದೆ. ಅವರು ಒಂದು ಹಳೆಯ ಪ್ರಕರಣ ಹೇಳಿದರು. ಹಳ್ಳಿಯ ಹುಡುಗಿಯೊಬ್ಬಳು, ‘ಹಾಲಿನ ಗಾಡಿ ಹ್ವಾದ ಮ್ಯಾಲ ಅಂವ ಬಂದ’ ಎಂದಿದ್ದಳಂತೆ. ಗಾಡಿ ದಿನಾ ಸಂಜೆ ಐದಕ್ಕೆ ಬರುವಂಥದು. ಸುಮಾರು ಐದು ಗಂಟೆ ಎಂದು ಬರೆಯಿರಿ ಎಂದರು ಮೇಲಿನವರು. ಇವರು ಬರೆಯಲಿಲ್ಲ, ಹುಡುಗಿಯ ಮಾತನ್ನೇ ಹಾಗೆಯೇ ಇಳಿಸಿದರು. ಐದು ಗಂಟೆಗೆ ಆರೋಪಿ ಬೇರೆ ಊರಿನ ಚಹಾದಂಗಡಿಯಲ್ಲಿದ್ದನೆಂದು ನಾಲ್ಕು ಮಂದಿ ಸಾಕ್ಷಿ ಹೇಳಿದರು. ಅದು ನಿಜವೂ ಆಗಿತ್ತು. ಆದರೆ ಆ ದಿನ ಮಳೆ. ಹಾಲಿನ ಗಾಡಿ ಆ ಹಳ್ಳಿ ಬಿಟ್ಟದ್ದು ಆರೂ ಇಪ್ಪತ್ತಕ್ಕೆ ಎಂದು ಡೇರಿಯ ರಿಜಿಸ್ಟರ್‌ನಲ್ಲಿತ್ತು. ಅವನಿಗೆ ಶಿಕ್ಷೆಯಾಯಿತು.

‘ಹುಡುಗಿ ಕೈಯಾಗ ಗಡಿಯಾರ ಇರಲಿಲ್ರಿ. ಇಲ್ಲದ ಗಡಿಯಾರ ನಾ ಹೆಂಗ ಬರೀಲಿ?’ ಎಂದರು.

ಆ ಕೇಸಿನ ತನಿಖೆ ಮಾಡಿದವರು ಯಾರೆಂದು ದಾಖಲೆಯಲ್ಲಿದೆ ಎಂದು ಕೇಳಿದೆ.

‘ಸಾಹೇಬ್ರ ಹೆಸರದರಿ’ ಎಂದು ಚೀಲ ಹೆಗಲಿಗೇರಿಸಿಕೊಂಡು ಇಳಿಯಲು ಎದ್ದರು.