ಕೋಡಿಮಠದ ಭೈಷಜ್ಯಸ್ಥಾನ: ಒಂದು ಶಾಸನಪಂಕ್ತಿಯ ಅತಿವಾಚನ

ವೈದ್ಯಕೀಯ ಕಾಲೇಜುಗಳ ಸ್ಮರಣ ಸಂಚಿಕೆಗಳಿಗೂ ಅಧ್ಯಾಪಕ ವೈದ್ಯರ ನಾಯಕತ್ವ ಶಿಬಿರಗಳ ಉದ್ಘಾಟನಾ ಭಾಷಣಗಳಿಗೂ ಬಳ್ಳಿಗಾವೆ ಈಗ ಕಾಯಂ ಅತಿಥಿ. ಹನ್ನೆರಡನೆಯ ಶತಮಾನದಲ್ಲೇ ಅಲ್ಲಿಯ ಕೋಡಿಮಠದಲ್ಲಿ ಆಸ್ಪತ್ರೆಯಿತ್ತು, ಆಸ್ಪತ್ರೆಗೆ ಸೇರಿಕೊಂಡೇ ವೈದ್ಯವಿದ್ಯಾಲಯವಿತ್ತು, ರೋಗಿಯ ಮುಂದೆ ಕೂರಿಸಿ ಶಿಷ್ಯನನ್ನು ತಯಾರು ಮಾಡುವ ಪದ್ಧತಿ ನಮ್ಮದೇ ಎಂಬುದು ವಾದ. ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ದವಾಖಾನೆಗಳ ಚರಿತ್ರೆಗೆ ಕೈಹಾಕಿದವರೂ ಮೊದಲ ಪುಟದಲ್ಲಿ ಬಳ್ಳಿಗಾವೆಗೆ ಕೈಮುಗಿದು, ಎರಡನೆಯ ಪುಟದಲ್ಲಿ 1957ರ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿಗೆ ಬಂದಿಳಿಯುತ್ತಾರೆ. ನಡುವಿನ ಎಂಟು ಶತಮಾನ ಎಲ್ಲಿ ಹೋದವು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮೊದಲ ಪುಟ ಅಷ್ಟು ಭದ್ರವಾಗಿದೆಯೇ ಎಂದು ನೋಡುವುದು ಈ ಬರಹದ ಉದ್ದೇಶ.

ಆಧಾರ ಒಂದೇ ಒಂದು: ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರ 102 ಎಂದು ಪ್ರಕಟಿಸಿದ ಶಾಸನ. ಕಾಲ 1162. ಕಳಚುರಿ ಬಿಜ್ಜಳನ ಆಳ್ವಿಕೆ. ದಕ್ಷಿಣಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಮಠಕ್ಕೆ ಬಿಟ್ಟ ದತ್ತಿಯದು; ಆಗ ಮಠಾಧಿಪತಿ ವಾಮಶಕ್ತಿ. ಕಾಳಾಮುಖರ ಬಗ್ಗೆ ಬರೆದವರೆಲ್ಲ, 1972ರ ಡೇವಿಡ್ ಲೊರೆಂಜನ್‌ವರೆಗೆ, ಈ ಶಾಸನವನ್ನು ಬಳಸಿದ್ದಾರೆ. ಬಳಸಿದವರ ಸಂಖ್ಯೆಗೂ ಮೂಲವನ್ನು ಸಾಲುಹಿಡಿದು ಓದಿದವರ ಸಂಖ್ಯೆಗೂ ಅಜಗಜಾಂತರ. (ತಪ್ಪು ರೈಸರದ್ದಲ್ಲ, ಅವರ ಇಂಗ್ಲಿಷಿನ ಸಾರಾಂಶವನ್ನು ಇನ್ನೊಬ್ಬರ ಸಾರಾಂಶದಿಂದ ಎತ್ತಿ ಬರೆದವರದು. ಧಾರವಾಡದಲ್ಲಿ ಶಾಸನ ಓದಲು ಕಲಿತವನಿಗೆ ಈ ಅಭ್ಯಾಸ ಸಹಿಸುವುದು ಕಷ್ಟ.)

ಶಾಸನಕಾರ ಮಠವನ್ನು ಹೊಗಳುವ ಕ್ರಮ ಹೀಗಿದೆ. ಇದು ಇಂಥದಕ್ಕೆ ನೆಲೆ, ಇದು ಇಂಥದಕ್ಕೆ ನೆಲೆ ಎಂದು ಒಂದರ ಹಿಂದೆ ಒಂದು ಸಮಾಸ ಪೋಣಿಸುತ್ತಾನೆ. ಮೊದಲಿಗೆ ನಾಲ್ಕು ವೇದಗಳ ಅಧ್ಯಯನ. ಆಮೇಲೆ ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧವೂ ಸೇರಿದ ದರ್ಶನಗಳು. ಲಾಕುಲ ಸಿದ್ಧಾಂತ, ಪಾತಂಜಲ ಯೋಗ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇಲ್ಲಿಗೆ ವಿದ್ಯೆಯ ಪಟ್ಟಿ ಮುಗಿಯಿತು. ಮುಂದಿನ ಉದ್ದ ಸಮಾಸ ಅನ್ನದಾನದ್ದು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ನಾನಾ ದೇಶದ ಭಿಕ್ಷುಕರು, ಯಾರಿಗೂ ತಡೆಯಿಲ್ಲ. ಅದಾದ ಮೇಲೆ ಅನಾಥ ರೋಗಿಗಳಿಗೆ ಭೈಷಜ್ಯ, ಎಂದರೆ ಮದ್ದು. ಕೊನೆಗೆ ಸಕಲ ಜೀವಿಗಳಿಗೆ ಅಭಯ.

ಭೈಷಜ್ಯ ಎಲ್ಲಿದೆ ನೋಡಿ. ವಿದ್ಯೆಗಳ ಸಾಲಿನಲ್ಲಿಲ್ಲ, ಅನ್ನಕ್ಕೂ ಅಭಯಕ್ಕೂ ನಡುವೆ ಕೂತಿದೆ. ವೈದ್ಯವನ್ನು ಅಲ್ಲಿ ಪಾಠ ಹೇಳುತ್ತಿದ್ದರೆ, ನಾಟಕವನ್ನೂ ಬಿಡದೆ ಎಣಿಸಿದ ಶಾಸನಕಾರ ಆಯುರ್ವೇದವನ್ನು ಮರೆಯುತ್ತಿದ್ದನೆ? ಕಾವ್ಯದ ಪಕ್ಕದಲ್ಲಿ ಚರಕನಿಗೋ ವಾಗ್ಭಟನಿಗೋ ಒಂದು ಜಾಗ ಸಿಗುತ್ತಿರಲಿಲ್ಲವೆ?

ಶಾಸ್ತ್ರ, ಆಹಾರ, ಭೈಷಜ್ಯ, ಅಭಯ. ಜೈನ ಶಾಸನಗಳನ್ನು ಓದಿದವರಿಗೆ ಈ ನಾಲ್ಕರ ಪರಿಚಯ ಮಾಡಿಕೊಡಬೇಕಿಲ್ಲ. ಇವು ಚತುರ್ವಿಧ ದಾನಗಳು. ಶ್ರವಣಬೆಳಗೊಳದಲ್ಲಿ ಶ್ರಾವಕ ಶ್ರಾವಕಿಯರನ್ನು ಹೊಗಳುವಾಗ ಮತ್ತೆ ಮತ್ತೆ ಬರುತ್ತವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮಿಗೂ ಈ ನಾಲ್ಕು ದಾನಗಳ ಹೊಗಳಿಕೆ ಸಂದಿದೆ. ಅಷ್ಟಕ್ಕೇ ಆಕೆ ಆಸ್ಪತ್ರೆ ನಡೆಸಿದಳೆಂದು ಯಾರೂ ಬರೆದಿಲ್ಲ. ಆಕೆಗೆ ಅನ್ವಯಿಸದ ತರ್ಕ ವಾಮಶಕ್ತಿಗೆ ಅನ್ವಯಿಸುವುದು ಹೇಗೆ? ಕೋಡಿಮಠದ ಶಾಸನಕಾರ ಕಟ್ಟಡಗಳ ಪಟ್ಟಿ ಕೊಡುತ್ತಿಲ್ಲ. ಒಂದು ಮಠ ಕೊಡಬಹುದಾದ ದಾನಗಳನ್ನೆಲ್ಲ, ವಿದ್ಯೆಯಿಂದ ಹಿಡಿದು ಅಭಯದವರೆಗೆ, ಇದು ಕೊಡುತ್ತದೆ ಎನ್ನುತ್ತಿದ್ದಾನೆ.

ಕಾಳಾಮುಖ ಶೈವನೊಬ್ಬ ಜೈನರ ಪಟ್ಟಿಯನ್ನೇಕೆ ಎತ್ತಿಕೊಂಡಾನು ಎಂಬ ಆಕ್ಷೇಪ ಬರಬಹುದು. ಬಳ್ಳಿಗಾವೆ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದ ಊರು. ಬೌದ್ಧ ದರ್ಶನವನ್ನು ಪಾಠಕ್ಕೂ ಕ್ಷಪಣಕನನ್ನು ಪಂಕ್ತಿಗೂ ಕರೆದ ಮಠಕ್ಕೆ ಪಕ್ಕದ ಬಸದಿಯ ನುಡಿಗಟ್ಟು ಮೈಲಿಗೆಯಾಗಿರಲಾರದು. ನಮ್ಮ ಜಿಲ್ಲೆಯಿಂದಲೇ ನೋಡಿದರೂ ಬಸದಿಯ ನುಡಿಗಟ್ಟು ಈ ಸೀಮೆಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ. ಬೆಳ್ವೊಲ ಮುನ್ನೂರರ ಅಣ್ಣಿಗೇರಿಯಲ್ಲಿ ಗಂಗ ಬೂತುಗ ಕಟ್ಟಿಸಿದ ಗಂಗಪೆರ್ಮಾಡಿ ಬಸದಿಯಿತ್ತು. ಚೋಳರ ದಾಳಿಯಲ್ಲಿ ಅದು ಹಾಳಾಗಿ, ಮತ್ತೆ ಎದ್ದು, ಮತ್ತೆ ದತ್ತಿ ಪಡೆದ ಕಥೆಯನ್ನು 1071-72ರ ಗಾವರವಾಡ ಶಾಸನ ಹೇಳುತ್ತದೆ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ ಹದಿನೈದನೆಯ ಸಂಪುಟದಲ್ಲಿ ಅದನ್ನು ಸಂಪಾದಿಸಿದ್ದಾರೆ. ಪಂಪನ ತಾಯಿಯ ತವರೂರು ಎಂದಷ್ಟೇ ಅಣ್ಣಿಗೇರಿಯನ್ನು ನೆನೆಯುವವರು ಒಮ್ಮೆ ಆ ಶಾಸನವನ್ನೂ ಓದುವುದು ಒಳ್ಳೆಯದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹದಿಮೂರನೆಯ ಶತಮಾನದ ಹೇಮಾದ್ರಿ ತನ್ನ ದಾನಖಂಡದಲ್ಲಿ ನಂದಿಪುರಾಣವನ್ನು ಆಧರಿಸಿ ಆರೋಗ್ಯದಾನ ವಿವರಿಸುವಾಗ ಶಾಲೆ ಕಟ್ಟಿಸಬೇಕು, ಔಷಧಿ ಕೂಡಿಸಬೇಕು, ಬಲ್ಲ ವೈದ್ಯನನ್ನು ಇಡಬೇಕು ಎನ್ನುತ್ತಾನೆ. ದಾನವೆಂದ ಮಾತ್ರಕ್ಕೆ ಆಸ್ಪತ್ರೆಯಲ್ಲವೆನ್ನಲು ಬರುವುದಿಲ್ಲ, ಒಪ್ಪಿದೆ. ಆದರೆ ಹೇಮಾದ್ರಿಯದು ವಿಧಿ, ಬಳ್ಳಿಗಾವೆಯದು ಸ್ತುತಿ. ಹೀಗೆ ಮಾಡಬೇಕು ಎಂಬ ಗ್ರಂಥದಿಂದ ಹೀಗೆ ಮಾಡಿದ್ದರು ಎಂದು ತೀರ್ಮಾನಿಸುವವರ ಜೊತೆ ವಾದ ಬೆಳೆಸಿ ಉಪಯೋಗವಿಲ್ಲ. ಔಷಧಿ ಕೊಡುವಲ್ಲಿ ಶಿಷ್ಯರು ತಾವಾಗಿಯೇ ಕಲಿತಿರುತ್ತಾರೆ ಎನ್ನುವವರೂ ಇದ್ದಾರೆ. ಹಾಗಾದರೆ ಅನ್ನಛತ್ರಗಳೆಲ್ಲ ಪಾಕಶಾಸ್ತ್ರದ ಕಾಲೇಜುಗಳಾಗಬೇಕಾಗುತ್ತದೆ.

ವ್ಯವಸ್ಥೆಯಿದ್ದ ಕಡೆ ಕಲ್ಲು ಬೇರೆ ರೀತಿ ಮಾತಾಡುತ್ತದೆ. ಕಂಚಿಯ ಬಳಿಯ ತಿರುಮುಕ್ಕೂಡಲಿನ 1067ರ ವೀರರಾಜೇಂದ್ರ ಚೋಳನ ಶಾಸನ ತೆಗೆದುಕೊಳ್ಳಿ. ದೇವಾಲಯದ ವೇದಪಾಠಶಾಲೆಯ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ 15 ಹಾಸಿಗೆಗಳ ಆಸ್ಪತ್ರೆ. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತಂದು ಔಷಧಿ ಸಿದ್ಧಪಡಿಸಲು ಇಬ್ಬರು, ಆರೈಕೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ, ಜೊತೆಗೆ ಕಾಸು. ಶಸ್ತ್ರವೈದ್ಯನಿಗೆ 30 ಕಲಂ. ದಾಸ್ತಾನಿಡಬೇಕಾದ ಔಷಧಿಗಳ ಹೆಸರೂ ಇದೆ. ಯಾರು ಹಿರಿಯ, ಯಾರು ಕಿರಿಯ ಎಂಬುದು ಭತ್ತದ ಲೆಕ್ಕದಲ್ಲೇ ಗೊತ್ತಾಗುತ್ತದೆ. ಇನ್ನು ಪಾಠ: ತಿರುವಾವಡುದುರೈಯ 1121ರ ವಿಕ್ರಮಚೋಳನ ಕಾಲದ ಶಾಸನ ಚರಕಸಂಹಿತೆ, ಅಷ್ಟಾಂಗಹೃದಯ ಓದುವವರಿಗೆ ಊಟದ ವ್ಯವಸ್ಥೆ ಹೇಳುವಾಗ ಗ್ರಂಥಗಳ ಹೆಸರನ್ನೇ ಹಿಡಿಯುತ್ತದೆ. ತಮಿಳರ ಲೆಕ್ಕಪತ್ರದ ಶಿಸ್ತು ನಮ್ಮಲ್ಲಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ನಮ್ಮ ಕಲಬುರಗಿ ಸೀಮೆಯ ನಾಗಾವಿ ಶಾಸನ, 1058ರದು, ಘಟಿಕಾಸ್ಥಾನದ ಇನ್ನೂರು ವೇದವಿದ್ಯಾರ್ಥಿಗಳನ್ನೂ ಪುಸ್ತಕ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಎಣಿಸಿ ಕೊಡುತ್ತದೆ. ಎಣಿಸಬೇಕೆಂದಾಗ ಕನ್ನಡದ ಶಾಸನಕಾರ ಎಣಿಸಿದ್ದಾನೆ. ಕೋಡಿಮಠದ ಭೈಷಜ್ಯದ ಸಾಲಿನಲ್ಲಿ ಎಣಿಕೆಯಿಲ್ಲ, ವೈದ್ಯನಿಲ್ಲ.

ಹಾಗಾದರೆ ಉಳಿಯುವುದೇನು? ಕೋಡಿಮಠ ಅನಾಥ ರೋಗಿಗಳಿಗೆ ಮದ್ದು ಕೊಡುತ್ತಿತ್ತು; ಸಣ್ಣ ಮಾತಲ್ಲ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಅಧಿಕಾರವಿದ್ದದ್ದು ಮಠಾಧಿಪತಿಯ ಕೈಯಲ್ಲಿ. ವೈದ್ಯರ ಮುಂದಾಳ್ತನಕ್ಕೆ ಈ ಶಾಸನದಿಂದ ಪೂರ್ವಜರನ್ನು ಹುಡುಕುವವರಿಗೆ ಸಿಗುವುದು ವೈದ್ಯನಲ್ಲ, ರಾಜಮನ್ನಣೆ ಪಡೆದ ಒಬ್ಬ ಧರ್ಮಗುರು. ವೈದ್ಯವಿದ್ಯೆ ನಮ್ಮಲ್ಲಿ ಬೆಳೆದ ದಾರಿ ಬೇರೆಯೇ ಇತ್ತು: ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥ, ಗೋವೈದ್ಯ ಬರೆದ ಚಾಲುಕ್ಯ ಕುಮಾರ ಕೀರ್ತಿವರ್ಮ, ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯಕ್ಕೆ ಖಗೇಂದ್ರಮಣಿದರ್ಪಣ ಕೊಟ್ಟ ಮಂಗರಾಜ. ಕೈಯಿಂದ ಕೈಗೆ ದಾಟಿದ ಓಲೆಗರಿಗಳಲ್ಲಿ ನಡೆದ ಶಿಕ್ಷಣ ಅದು. ದೊಡ್ಡ ಕಟ್ಟಡ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ.

ಬಳ್ಳಿಗಾವೆಯ ಮೇಲಿನ ಮೋಹ ಮಾಡಿದ ನಿಜವಾದ ಹಾನಿ ಎರಡನೆಯ ಪುಟದಲ್ಲಿದೆ. ನವಲಗುಂದ, ಕಲಘಟಗಿಗಳಂಥ ಊರುಗಳ ಮಟ್ಟಿಗೆ ಹೊಸ ವೈದ್ಯದ ನೌಕರಶ್ರೇಣಿ ರೂಪುಗೊಂಡದ್ದು ಮುಂಬಯಿ ಇಲಾಖೆಯ ಕಾಲದಲ್ಲಿ. ಗ್ರಾಂಟ್ ಮೆಡಿಕಲ್ ಕಾಲೇಜು 1845ರದು. ದೇಶಭಾಷೆಯಲ್ಲಿ ಹಾಸ್ಪಿಟಲ್ ಅಸಿಸ್ಟಂಟರನ್ನು ತಯಾರು ಮಾಡಲು 1861ರಲ್ಲಿ ಅಲ್ಲಿ ತೆರೆದದ್ದು ಮರಾಠಿ, ಗುಜರಾತಿ ತರಗತಿಗಳನ್ನು. ಮುಂದೆ ಮರಾಠಿಯ ಕೆಲಸವನ್ನು ಪುಣೆಯ ಬಿ.ಜೆ. ಮೆಡಿಕಲ್ ಸ್ಕೂಲ್ ವಹಿಸಿಕೊಂಡಿತು. ಧಾರವಾಡ ಸೀಮೆಯ ಹುಡುಗ ದವಾಖಾನೆಯ ನೌಕರಿ ಬೇಕೆಂದರೆ ಮರಾಠಿಯಲ್ಲಿ ವೈದ್ಯ ಓದಬೇಕಿತ್ತು. ಊರಿಗೆ ಮರಳಿ ಕನ್ನಡದಲ್ಲಿ ನಾಡಿ ಹಿಡಿಯಬೇಕಿತ್ತು. ತಾಲೂಕು ದವಾಖಾನೆಯಲ್ಲಿ ದಿನವಿಡೀ ರೋಗಿ ನೋಡುವವನು ಈ ಹಾಸ್ಪಿಟಲ್ ಅಸಿಸ್ಟಂಟ್, ಮೇಲ್ವಿಚಾರಣೆಯ ರುಜು ಧಾರವಾಡದ ಸಿವಿಲ್ ಸರ್ಜನ್‌ನದು. ಅಸಿಸ್ಟಂಟರಲ್ಲೂ ದರ್ಜೆಗಳಿದ್ದವು, ವರ್ಷಗಟ್ಟಲೆ ಸೇವೆ ಸಲ್ಲಿಸಿ, ನಡುವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂತು ಮೇಲಿನ ದರ್ಜೆಗೆ ಏರಬೇಕಿತ್ತು. ಸೇವಾವಧಿಯಲ್ಲಿ ವೈದ್ಯನನ್ನು ಬೆಳೆಸುವ ವ್ಯವಸ್ಥೆ ಈ ಭಾಗದಲ್ಲಿ ಯಾವಾಗ ಶುರುವಾಯಿತು ಎಂದು ಕೇಳುವವರು ನೋಡಬೇಕಾದ್ದು ಈ ಪರೀಕ್ಷೆಗಳನ್ನು. ಆದರೆ ಏಣಿಯ ತುದಿ ಅವನಿಗೆ ಮುಚ್ಚಿತ್ತು: ಸಿವಿಲ್ ಸರ್ಜನ್ ಹುದ್ದೆಗಳು ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಪಾಲು. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯ 38 ಸಾವಿರಕ್ಕೂ ಮಿಕ್ಕಿದ ಜನಕ್ಕೆ ಹಾಫ್ಕಿನ್ ಲಸಿಕೆ ಹಾಕಿದ ಕೆಲಸಕ್ಕೂ ಚರಿತ್ರೆಯಲ್ಲಿ ಅಂಟಿಕೊಂಡಿರುವ ಹೆಸರು ಆ ಸರ್ವಿಸ್‌ನ ಲ್ಯೂಮನ್‌ನದು.

1946ರ ಭೋರ್ ಸಮಿತಿ ಈ ಎರಡನೆಯ ದರ್ಜೆಯ ವೈದ್ಯಶಿಕ್ಷಣವನ್ನೇ ನಿಲ್ಲಿಸಿ ಒಂದೇ ಬಗೆಯ ವೈದ್ಯ ಸಾಕೆಂದಿತು. ಅದರಿಂದ ಮಾನ ಹೆಚ್ಚಿತು. ಹಳ್ಳಿಗೆ ವೈದ್ಯ ಬರುವುದು ಹೆಚ್ಚಿತೇ ಎಂಬುದು ಬೇರೆ ಪ್ರಶ್ನೆ. 1975ರ ಶ್ರೀವಾಸ್ತವ ಸಮಿತಿಯ ಬೆನ್ನಿಗೆ, 1977ರಲ್ಲಿ, ಪ್ರತಿ ಮೆಡಿಕಲ್ ಕಾಲೇಜು ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ ಯೋಜನೆ ಬಂದದ್ದೇ ಆ ಪ್ರಶ್ನೆ ಬಗೆಹರಿದಿರಲಿಲ್ಲ ಎಂಬುದಕ್ಕೆ ಸಾಕ್ಷಿ. 2019ರ ಎಂ.ಬಿ.ಬಿ.ಎಸ್. ಪಠ್ಯಕ್ರಮ ಪದವೀಧರ ವೈದ್ಯನ ಐದು ಪಾತ್ರಗಳಲ್ಲಿ ಒಂದನ್ನು ಆರೋಗ್ಯತಂಡದ ನಾಯಕ ಎಂದು ಬರೆದಿದೆ. ನವಲಗುಂದದಂಥ ದವಾಖಾನೆಯ ಹಾಸ್ಪಿಟಲ್ ಅಸಿಸ್ಟಂಟ್ ಆ ಕೆಲಸವನ್ನು ಹೆಸರಿಲ್ಲದೆ ಮಾಡಿದವನು.

ಅವನ ಚರಿತ್ರೆಗೆ ಆಕರ ಇಲ್ಲದಿಲ್ಲ. ಮುಂಬಯಿ ಸರ್ಕಾರದ ಸಿವಿಲ್ ಆಸ್ಪತ್ರೆ ಮತ್ತು ದವಾಖಾನೆಗಳ ವಾರ್ಷಿಕ ವರದಿಗಳಿವೆ. ಅವನ್ನು ನಮ್ಮ ಸಂಶೋಧಕರು ಸಾಂಕ್ರಾಮಿಕ ರೋಗಗಳ ಅಂಕಿಸಂಖ್ಯೆಗಾಗಿ ತಿರುವಿಹಾಕುತ್ತಾರೆಯೇ ಹೊರತು ಸಿಬ್ಬಂದಿಗಾಗಿ ಓದುವುದಿಲ್ಲ. ಒಂದು ಎಚ್ಚರಿಕೆ ಅಗತ್ಯ. ಇಂದಿನ ಜಿಲ್ಲೆಯ ನಕ್ಷೆ ಹಿಡಿದು ಈ ವರದಿಗಳನ್ನು ಓದಿದರೆ ಕುಂದಗೋಳದಲ್ಲಿ ಏನೂ ಇರಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಕುಂದಗೋಳ 1948ರವರೆಗೆ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು; ಧಾರವಾಡದ ಸಿವಿಲ್ ಸರ್ಜನ್‌ಗೆ ಅಲ್ಲಿಯ ದವಾಖಾನೆಯ ಮೇಲೆ ಅಧಿಕಾರವಿರಲಿಲ್ಲ. ಅಲ್ಲಿಯ ವೈದ್ಯನನ್ನು ನೇಮಿಸಿದವರಾರು, ಕಲಿಯಲು ಎಲ್ಲಿಗೆ ಕಳಿಸಿದರು ಎಂಬುದಕ್ಕೆ ಸಂಸ್ಥಾನದ ದಫ್ತರವನ್ನೇ ಹಿಡಿಯಬೇಕು, ಮೋಡಿ ಲಿಪಿ ಬಲ್ಲವರು ಬೇಕು.