ಮರೆತವರು ಯಾರು? ಹಂಪಿ ಬಜಾರಿನ ಕಡೆಯಿಂದ ಒಂದು ಪ್ರಶ್ನೆ

1900ರಲ್ಲಿ ರಾಬರ್ಟ್ ಸೂಯೆಲ್ ಎಂಬ ಮದ್ರಾಸಿನ ಬ್ರಿಟಿಷ್ ಅಧಿಕಾರಿ ವಿಜಯನಗರದ ಬಗ್ಗೆ ಪುಸ್ತಕ ಬರೆದ. ಅದಕ್ಕೆ ಇಟ್ಟ ಹೆಸರು 'ಮರೆತುಹೋದ ಸಾಮ್ರಾಜ್ಯ'. ಮೇಷ್ಟ್ರು ಈ ಹೆಸರನ್ನು ಕ್ಲಾಸಿನಲ್ಲಿ ಹೇಳಿದಾಗ ನಾವೂ ತಲೆದೂಗಿ ನೋಟ್ಸು ಬರೆದುಕೊಂಡೆವು. ಡಿಗ್ರಿ ಕೈಗೆ ಬಂದ ಮೇಲೆ ಒಂದು ಮಾತು ಕೊರೆಯತೊಡಗಿತು. ಮರೆತದ್ದು ಯಾರು?

1565ರ ರಕ್ಕಸ-ತಂಗಡಿ ಕಾಳಗದ ನಂತರ ಅರಮನೆಗಳು ಸುಟ್ಟವು, ಅರಸೊತ್ತಿಗೆ ಪೆನುಗೊಂಡೆಗೆ ಹೋಯಿತು. ನಿಜ. ಆದರೆ ತುರ್ತು ಕಾಲುವೆ ಪೆನುಗೊಂಡೆಗೆ ಹೋಗಲಿಲ್ಲ. ಅರಸರ ಕಾಲದ ಆ ಕಾಲುವೆಯ ನೀರಲ್ಲಿ ನಾನೂರೈವತ್ತು ವರ್ಷ ಕಳೆದರೂ ಬಾಳೆ, ಭತ್ತ ಬೆಳೆಯುತ್ತಿದೆ. ಕಾಲುವೆ ತಾನಾಗೇ ಹರಿಯಲ್ಲ ಸ್ವಾಮಿ, ಮೊಳಕಾಲುದ್ದ ಕೆಸರಿಗಿಳಿದು ಹೂಳು ಎತ್ತುವವರು ಬೇಕು. ಆ ಕೆಲಸ ಮಾಡಿದವರು ಏನನ್ನೂ ಮರೆತಿರಲಿಲ್ಲ. ಅವರನ್ನು ಪುಸ್ತಕ ಮರೆಯಿತು, ಅಷ್ಟೆ. ಕಲ್ಲು ಸೀಳಿದವರು, ಕಲ್ಲು ಹೊತ್ತವರು, ತೇರಿನ ಹಗ್ಗ ಎಳೆದವರು ನಮ್ಮ ಪಠ್ಯದಲ್ಲಿ ಎಲ್ಲಿದ್ದರು? ಕೃಷ್ಣದೇವರಾಯ ಇದ್ದ, ಅವನ ಕುದುರೆಯೂ ಇತ್ತು.

ಸೂಯೆಲನ ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನ ಬರಹದ ಅನುವಾದವಿದೆ. ಪೇಸ್ 1520ರ ಸುಮಾರಿಗೆ ಇಲ್ಲಿಗೆ ಬಂದವನು. ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ಚೆಲುವಾದ ಮನೆಗಳಿವೆ, ಕಂಬಸಾಲಿನ ಪಡಸಾಲೆಗಳಿವೆ, ಅಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಾರೆ ಎಂದು ಬರೆಯುತ್ತಾನೆ. ಅಂದರೆ ಆ ಬೀದಿ ಹುಟ್ಟಿದ್ದೇ ಜನ ತಂಗಲಿಕ್ಕೆ. ಬಂದವನಿಗೆ ನೆರಳು, ನೀರು, ಮಲಗಲು ಜಾಗ ಕೊಡಲಿಕ್ಕೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟರು. ಸ್ಮಾರಕಗಳ ನಡುವೆ ಸೇತುವೆ ಬೇಡವೆಂದು ತಕರಾರು ಎದ್ದು, 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಹೋಯಿತು. ಅಲ್ಲಿಂದ ಹೊರಬಂದದ್ದು 2006ರಲ್ಲಿ. ನಿಲ್ಲಿಸಿದ್ದ ಸೇತುವೆಯ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಅದು ಕುಸಿದು ಕೂಲಿಯವರು ಸತ್ತರು. ಸೇತುವೆ ಬೇಕು ಎಂದವರು ಯಾರು, ಬೇಡ ಎಂದವರು ಯಾರು? ದಿನಾ ಹರಿಗೋಲಲ್ಲಿ ಹೊಳೆ ದಾಟುತ್ತಿದ್ದವರ ಮಾತಿಗೆ ಈ ಜಗಳದಲ್ಲಿ ಎಷ್ಟು ತೂಕವಿತ್ತು?

ಈ ನಡುವೆ 2002ರಲ್ಲಿ ರಾಜ್ಯ ಸರ್ಕಾರ ಹಂಪಿಗೆಂದೇ ಕಾನೂನು ಮಾಡಿ ಪ್ರಾಧಿಕಾರ ಸ್ಥಾಪಿಸಿತು. 2007ರಲ್ಲಿ ವಿಶ್ವ ಪರಂಪರೆ ಸಮಿತಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಸಭೆ ಸೇರಿ, ತನ್ನ ಗುರಿಗಳಲ್ಲಿ 'ಸಮುದಾಯ' ಎಂಬ ಪದವನ್ನೂ ಸೇರಿಸಿಕೊಂಡಿತು. ಪರಂಪರೆ ಉಳಿಯಬೇಕಾದರೆ ಅಲ್ಲಿನ ಜನ ಜೊತೆಗಿರಬೇಕು ಎಂದು ಅದರ ಅರ್ಥ. ಬಹಳ ಸಂತೋಷ. ನಾಲ್ಕು ವರ್ಷಕ್ಕೆ ಬುಲ್ಡೋಜರ್ ಬಂತು.

2011ರ ಜುಲೈ 29. ಹೈಕೋರ್ಟಿನ ಆದೇಶವನ್ನು ಮುಂದಿಟ್ಟುಕೊಂಡು ಜಿಲ್ಲಾಡಳಿತ ವಿರೂಪಾಕ್ಷ ಬಜಾರಿನ ಅಂಗಡಿ-ಮನೆಗಳನ್ನು ಒಡೆಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಬೀದಿಗೆ ಅಂದೆವಲ್ಲ, ಬೀದಿಯೂ ಅವರದ್ದಲ್ಲ ಎಂದೇ ಆದೇಶ. ಅವರಿಗೆ ತೋರಿಸಿದ್ದು ನಾಲ್ಕು ಕಿಲೋಮೀಟರು ದೂರದ ಕಡ್ಡಿರಾಂಪುರ. ಎಳನೀರು, ಚಹಾ, ಇಡ್ಲಿ ಮಾರಿ ಬದುಕುವವರಿಗೆ ನಾಲ್ಕು ಕಿಲೋಮೀಟರು ಅಂದರೆ ಏನು ಅಂತ ಸಂಬಳದವರಿಗೆ ಹೇಗೆ ಹೇಳೋಣ? ಯಾತ್ರಿಕನಿಗೆ ಊಟ ಕೊಟ್ಟವರು, ಮಲಗಲು ಜಾಗ ಕೊಟ್ಟವರು ಒತ್ತುವರಿದಾರರಾದರು. ಪೇಸ್ ಕಂಡದ್ದು ಇದೇ ಕೆಲಸವನ್ನಲ್ಲವೇ? ಅವನು ಬರೆದರೆ ಅದು ಚರಿತ್ರೆ. ಇವರು ಬದುಕಿದರೆ ಅಪರಾಧ!

ಬಜಾರಿನವರೆಲ್ಲ ತಪ್ಪೇ ಮಾಡದವರು ಎಂದು ನಾವು ಹೇಳುವುದಿಲ್ಲ. ಕಲ್ಲುಕಂಬದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದರು, ಮಂಟಪದ ನೆತ್ತಿಯ ಮೇಲೆ ಸಿಮೆಂಟು ಸುರಿದರು. ಆ ಕಲ್ಲಿಗೆ ಏಟು ಬಿದ್ದರೆ ನಮಗೂ ನೋವಾಗುತ್ತದೆ, ಅದರಲ್ಲಿರುವುದು ನಮ್ಮಂಥವರ ಬೆವರು. ಆದರೆ ಯಾವ ಗೋಡೆ ತೆಗೆಯಬೇಕು, ಯಾವ ಮನೆ ಉಳಿಯಬಹುದು, ಹೋಗುವವರು ಎಲ್ಲಿಗೆ ಹೋದರೆ ಹೊಟ್ಟೆ ತುಂಬುತ್ತದೆ ಅನ್ನೋದನ್ನ ಅಲ್ಲಿಯವರ ಜೊತೆ ಕೂತು ಗೆರೆ ಎಳೆಯಬಹುದಿತ್ತು. ಆಗದ ಮಾತೇನಲ್ಲ. ಇಟಲಿಯ ಬೊಲೊನ್ಯಾ ಪಟ್ಟಣದಲ್ಲಿ 1970ರ ದಶಕದಲ್ಲಿ ಕಮ್ಯುನಿಸ್ಟರ ನಗರಸಭೆ ಹಳೇಪೇಟೆಯ ಮನೆಗಳನ್ನು ದುರಸ್ತಿ ಮಾಡಿತು. ಕಟ್ಟಡದ ಜೊತೆ ಅಲ್ಲಿನ ಕೂಲಿಕಾರ ಬಾಡಿಗೆದಾರರೂ ಉಳಿಯಬೇಕು ಅನ್ನೋದೇ ಆ ಯೋಜನೆಯ ತಿರುಳು. ಬಡಾವಣೆಯ ಸಮಿತಿಗಳಲ್ಲಿ ಚರ್ಚೆಯಾಯಿತು. ಮನೆಮಾಲೀಕರು ತಕರಾರು ಎತ್ತಿದಾಗ ಯೋಜನೆಯನ್ನೇ ತಿದ್ದಿದರು. ತಿದ್ದಿದರೆ ಮಾನ ಹೋಗಲಿಲ್ಲ.

ಇಲ್ಲಿ ನಾವು ನಮ್ಮವರಿಗೂ ಒಂದು ಮಾತು ಕೇಳಬೇಕು. 'ಜನರನ್ನು ಕೇಳಿ' ಎಂದು ಕೂಗುತ್ತೇವೆ. ಯಾವ ಜನ? ನಮ್ಮೂರಿನಲ್ಲಿ ರಸ್ತೆ ಅಗಲ ಮಾಡಲು ಟೇಪು ಹಿಡಿದು ಬಂದಾಗಲೂ ಸಭೆ ನಡೆಯಿತು. ಚಾವಡಿಯ ಮೇಲೆ ಕುರ್ಚಿ ಹಾಕಿದ್ದರು. ನಮ್ಮಪ್ಪ ಕೆಳಗೆ, ಚಪ್ಪಲಿ ಬಿಟ್ಟ ಕಡೆ ನಿಂತಿದ್ದ. ಎಲ್ಲರ ಒಪ್ಪಿಗೆ ಇದೆ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡರು, ಅಪ್ಪನ ಹೆಬ್ಬೆಟ್ಟೂ ಬಿತ್ತು. ಗೆರೆ ಬಿದ್ದದ್ದು ನಮ್ಮ ಕೇರಿಯ ಮೇಲೆ. ಆದ್ದರಿಂದ ಅಂಗಡಿ ಇದ್ದವನನ್ನು ಕೇಳಿದರಷ್ಟೇ ಸಾಲದು. ಅವನ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗ, ಮಂಟಪದ ಮುಂದೆ ಕಸ ಗುಡಿಸುವವಳು, ಬಾಡಿಗೆ ಮೂಲೆಯಲ್ಲಿ ಮಲಗುವವನು ಇವರೂ ಪಟ್ಟಿಯಲ್ಲಿ ಇರಬೇಕು. ಪರಿಹಾರದ ಪಟ್ಟಿ ಬಾಗಿಲು ಎಣಿಸುತ್ತದೆ. ಬಾಗಿಲೇ ಇಲ್ಲದವರನ್ನು ಎಲ್ಲಿ ಎಣಿಸುವುದು?

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಬಿದ್ದವು. ರೆಸಾರ್ಟು ಮಾಲೀಕನನ್ನೂ ಬಜಾರಿನ ಚಹಾದವಳನ್ನೂ ಒಂದೇ ತಕ್ಕಡಿಗೆ ಹಾಕುವುದು ನಮಗೆ ಬೇಕಿಲ್ಲ. 2021ರಲ್ಲಿ ಜಿಲ್ಲೆಗೇ ವಿಜಯನಗರ ಎಂದು ಹೆಸರಾಯಿತು. ಹೆಸರಿಗೇನೋ ಗೌರವ ಸಿಕ್ಕಿತು.

ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳನ್ನು ಹಂಪಿಗೆ ಪ್ರವಾಸ ಕರಕೊಂಡು ಹೋಗುತ್ತೀರಿ. ಕಲ್ಲಿನ ರಥ ತೋರಿಸಿ, ಬೇಡ ಅನ್ನಲ್ಲ. ಕಡ್ಡಿರಾಂಪುರ ಹೊಸಪೇಟೆಯಿಂದ ಹೋಗುವ ದಾರಿಯಲ್ಲೇ ಇದೆ. ಒಂದರ್ಧ ಗಂಟೆ ಬಸ್ಸು ನಿಲ್ಲಿಸಿ. ಬಜಾರಿನಲ್ಲಿ ನಿಮ್ಮ ಮನೆ ಎಲ್ಲಿತ್ತು ಅಂತ ಮಕ್ಕಳೇ ಕೇಳಲಿ.