ಆರ್‌ವಿ-6

ಹವ್ಯಾಸಿಗಳು ಬಿಡಿಭಾಗಗಳ ಕಿಟ್ಟನ್ನು ಕೊಂಡು ತಂದು ಸ್ವಹಸ್ತದಿಂದ ನಿರ್ಮಿಸಿಕೊಳ್ಳುತ್ತಿದ್ದ, ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಹಾರಬಹುದಾದ, ಬಹುಮಟ್ಟಿಗೆ ಅಲ್ಯೂಮಿನಿಯಂ ತಗಡಿನಿಂದಲೇ ಆದ ಲಘು ವಿಮಾನ. ಅಮೆರಿಕದ ಆರೆಗನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಇದರ ವಿನ್ಯಾಸಕಾರ. ಆತನ ಆರ್‌ವಿ-3 ಒಬ್ಬನಿಗೆ ಮಾತ್ರ ತಕ್ಕುದು. 1979ರಲ್ಲಿ ಹಾರಿದ ಆರ್‌ವಿ-4ರಲ್ಲಿ ಸಂಗಡಿಗನು ಚಾಲಕನ ಬೆನ್ನ ಹಿಂದೆ ಕೂಡಬೇಕು. ಇಬ್ಬರನ್ನೂ ಭುಜಕ್ಕೆ ಭುಜ ತಾಗುವಂತೆ ಕೂಡಿಸಿದ ಆರ್‌ವಿ-6 ಗಗನಕ್ಕೇರಿದ್ದು 1986ರಲ್ಲಿ. ದಾರಿಯುದ್ದಕ್ಕೂ ಸಂಗಾತಿಯ ಬೆನ್ನನ್ನೇ ನೋಡುತ್ತ ಕೂಡಲೊಲ್ಲದ ದಂಪತಿಗಳಿಗೆ ಇದು ಹಿಡಿಸಿದುದರಲ್ಲಿ ಆಶ್ಚರ್ಯವಿಲ್ಲ.

ರೆಕ್ಕೆಗಳ ಹರವು 23 ಅಡಿ. ಉದ್ದ 20 ಅಡಿಗೆ ತುಸು ಮಿಕ್ಕುದು. ಹೊರೆ ಸಹಿತ ಗರಿಷ್ಠ ತೂಕ 1,600 ಪೌಂಡು. ಸಾಮಾನ್ಯವಾಗಿ 150ರಿಂದ 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನನ್ನು ಅಳವಡಿಸುವರು. ಮೂರನೆಯ ಗಾಲಿ ಬಾಲದಡಿಯಲ್ಲಿ. ಅದು ಮೂತಿಯಡಿಯಲ್ಲಿರುವ ಭೇದಕ್ಕೆ ಆರ್‌ವಿ-6ಎ ಎಂದು ಹೆಸರು. ಈ ಭೇದವನ್ನೇ ಆಧಾರವಾಗಿಟ್ಟುಕೊಂಡು ನೈಜೀರಿಯದ ವಾಯುಪಡೆಗೆ ಏರ್ ಬೀಟಲ್ ಎಂಬ ತರಬೇತಿ ವಿಮಾನವನ್ನು ನಿರ್ಮಿಸಲಾಯಿತು.

ಬೆಂಗಳೂರಿನ ರಾಜಹಂಸ ಸಂಸ್ಥೆಯ ಎಕ್ಸ್-ಏರ್ ಕೂಡ ಇಬ್ಬರು ಕೂಡುವ ಕಿಟ್ ವಿಮಾನವೇ ಆದರೂ ಅದರ ಜಾತಿ ಬೇರೆ: ಅಲ್ಲಿ ಬೋಲ್ಟು ಬಿಗಿದ ಕೊಳವೆಗಳ ಹಂದರಕ್ಕೆ ಬಟ್ಟೆಯ ಹೊದಿಕೆ. ಆರ್‌ವಿ-6ರಲ್ಲಿ ಹೊದಿಕೆಯ ತಗಡೇ ಭಾರವನ್ನು ಹೊರುವುದರಿಂದ, ಆ ತಗಡನ್ನು ಒಳಗಿನ ಅಸ್ಥಿಪಂಜರಕ್ಕೆ ಹಿಡಿದಿರುವ ಸಾವಿರಾರು ರಿವೆಟ್ಟುಗಳೇ ವಿಮಾನದ ಜೀವಾಳ. ನಿರ್ಮಾಪಕನು ತಗಡುಗಳನ್ನು ಜೊತೆಗೂಡಿಸಿ ರಂಧ್ರ ಕೊರೆದು, ಸ್ಪ್ರಿಂಗಿನ ಹಿಡಿಕೆಗಳಿಂದ ತಾತ್ಕಾಲಿಕವಾಗಿ ಬಂಧಿಸಿ, ಹೊಂದಿಕೆಯಾಯಿತೆಂದು ಮನದಟ್ಟಾದ ಮೇಲೆ ಎಲ್ಲವನ್ನೂ ಮತ್ತೆ ಬಿಚ್ಚಿ, ಪ್ರತಿಯೊಂದು ರಂಧ್ರದ ಅಂಚಿನ ಸಿಬಿರನ್ನೂ ತೆಗೆದು, ಪುನಃ ಕೂಡಿಸಿದ ಬಳಿಕವೇ ರಿವೆಟ್ಟಿನ ಸರದಿ. ಹೊರಗಿನಿಂದ ಒಬ್ಬನು ಗಾಳಿಯೊತ್ತಡದ ಸುತ್ತಿಗೆಯನ್ನು ಹಿಡಿದರೆ, ಒಳಗಡೆ ಇನ್ನೊಬ್ಬನು ಉಕ್ಕಿನ ಗಟ್ಟಿಯನ್ನು ಆನಿಸಿಕೊಂಡಿರಬೇಕು; ಈ ಕೆಲಸಕ್ಕೆ ಹೆಂಡತಿಯೋ ಮಗಳೋ ಒದಗುವುದು ವಾಡಿಕೆ. ಏಟಿಗೆ ಚಪ್ಪಟೆಯಾದ ರಿವೆಟ್ಟಿನ ಬಾಲವು ಅದರ ಕಡ್ಡಿಯ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಓರೆಯಾಗಿ ಮಡಿಸಿಕೊಂಡಿತೋ, ಅದನ್ನು ಕೊರೆದು ತೆಗೆದು ಹೊಸತನ್ನು ಹಾಕಬೇಕಾದೀತು. ಹೀಗೆ ವರ್ಷಗಳೇ ಸಲ್ಲುವುದುಂಟು.

ಅಮೆರಿಕದ ನಿಯಮದಂತೆ, ನಿರ್ಮಾಣಕಾರ್ಯದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳು ಸ್ವಂತ ಕಲಿಕೆ ಅಥವಾ ವಿನೋದಕ್ಕಾಗಿ ಮಾಡಿರಬೇಕು. ಅಂಥ ವಿಮಾನವು ಒಳಹೊಗುವವರ ಕಣ್ಣಿಗೆ ಬೀಳುವಂತೆ ‘ಪ್ರಾಯೋಗಿಕ’ ಎಂಬರ್ಥದ ಫಲಕವನ್ನು ಹೊತ್ತಿರಬೇಕು. ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆಗಳ ಪರೀಕ್ಷಾರ್ಥ ಹಾರಾಟವನ್ನು ಪ್ರಯಾಣಿಕರಿಲ್ಲದೆ, ಗೊತ್ತುಪಡಿಸಿದ ಪ್ರದೇಶದಲ್ಲಿಯೇ ಮುಗಿಸಬೇಕು. ಈ ಕಟ್ಟುಪಾಡಿಗೆ ಪ್ರತಿಯಾಗಿ ಒಂದು ಹಕ್ಕೂ ಉಂಟು: ಮುಖ್ಯ ನಿರ್ಮಾಪಕನು ಪ್ರಮಾಣಪತ್ರ ಪಡೆದು ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ನಡೆಸಬಹುದು.

ಆರ್‌ವಿ-6ರ ಮೊದಮೊದಲ ಕಿಟ್ಟುಗಳನ್ನು ಕೊಂಡವರು ಅಳೆದು ಗುರುತು ಹಾಕಿ, ಮನೆಯ ಗ್ಯಾರೇಜಿನಲ್ಲಿ ಮರದ ಚೌಕಟ್ಟು ನಿಲ್ಲಿಸಿ, ರೆಕ್ಕೆ ತಿರುಚಿಕೊಳ್ಳದಂತೆ ತೂಗುಗುಂಡಿನಿಂದ ನೋಡಿಕೊಳ್ಳಬೇಕಾಗಿತ್ತು. 2001ರಲ್ಲಿ ಇದರ ಸ್ಥಾನಕ್ಕೆ ಬಂದ ಆರ್‌ವಿ-7ರಲ್ಲಿ ಯಂತ್ರವೇ ರಂಧ್ರಗಳನ್ನು ಒಂದಕ್ಕೊಂದು ಹೊಂದುವಂತೆ ಕೊರೆದಿರುವುದರಿಂದ, ತಗಡುಗಳು ತಮ್ಮ ಆಕಾರವನ್ನು ತಾವೇ ಕಂಡುಕೊಳ್ಳುತ್ತವೆ.